ಸೈಕಲ್ ಹ್ಯಾಂಡಲ್ ಮೈಗೆ ಒಗ್ಗುವಂತೆ ಕೂರಿಸುವುದು ಹೇಗೆ: ಅಳತೆ ತೆಗೆಯುವುದರಿಂದ ಕೊನೆಯ ಬೋಲ್ಟ್‌ವರೆಗೆ

ಹ್ಯಾಂಡಲ್ ಎತ್ತರ ಮಾಡಿಕೊಂಡೆ, ಆದರೂ ಕೈ ಜೋಮು ಹಿಡಿಯುತ್ತೆ. ಹತ್ತಿರ ತಂದುಕೊಂಡೆ, ಆದರೂ ಕತ್ತು ನೋಯುತ್ತೆ. ಬೋಲ್ಟ್ ಎಲ್ಲಾ ಬಿಗಿ ಇದೆ, ಆದರೂ ಬ್ರೇಕ್ ಹಿಡಿದಾಗ ಮುಂದೆ ಎಲ್ಲೋ ಕಟಕಟ ಅನ್ನುತ್ತೆ. ಈ ಮೂರು ದೂರು ನನ್ನ ಕಿವಿಗೆ ಬೀಳುತ್ತಲೇ ಇರುತ್ತವೆ. ಹೇಳುವವರು ಅಸಡ್ಡೆಯಿಂದ ಕೆಲಸ ಮಾಡಿದವರಲ್ಲ. ಅರ್ಧ ದಿನ ಕೂತು, ಕೈಗೆ ಗ್ರೀಸ್ ಬಳಿದುಕೊಂಡು ಮಾಡಿದವರೇ. ಅವರು ಎಡವಿದ್ದು ಕ್ರಮದಲ್ಲಿ. ಸೀಟು ನೋಡದೆ ಹ್ಯಾಂಡಲ್‌ಗೆ ಕೈ ಹಾಕಿರುತ್ತಾರೆ. ಇಲ್ಲವೇ ಕೊನೆಗೆ ಬಿಗಿ ಮಾಡಬೇಕಾದ ಬೋಲ್ಟನ್ನು ಮೊದಲೇ ಬಿಗಿ ಮಾಡಿರುತ್ತಾರೆ.

ಹಾಗಾಗಿ ಇಲ್ಲಿ ಹಂತಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಮೊದಲ ಸಲ ಮಾಡುವವರು ಎರಡು ಗಂಟೆ ಬಿಡುವು ಇಟ್ಟುಕೊಳ್ಳಿ.

## ಮೊದಲು ನೋವು ಎಲ್ಲಿದೆ ಅಂತ ನೋಡಿ

ಹ್ಯಾಂಡಲ್ ಯಾವ ಕಡೆ ಹೋಗಬೇಕು ಅಂತ ನಿಮ್ಮ ಮೈಯೇ ಹೇಳುತ್ತದೆ. ಅರ್ಧ ಗಂಟೆ ಸೈಕಲ್ ಹೊಡೆದು ಬಂದು, ಇಳಿದ ತಕ್ಷಣ ಗಮನಿಸಿ.

ಅಂಗೈಗೆ ಭಾರ ಬಿದ್ದು, ಭುಜ ಬಿಗಿದು, ಕತ್ತಿನ ಹಿಂಭಾಗ ನೋಯುತ್ತಿದ್ದರೆ ಹ್ಯಾಂಡಲ್ ತೀರ ಕೆಳಗಿದೆ ಅಥವಾ ತೀರ ದೂರ ಇದೆ. ಬಹಳ ಜನರಿಗೆ ಇದೇ ತೊಂದರೆ. ಮೊಣಕೈ ನೆಟ್ಟಗೆ ಕೋಲಿನ ಹಾಗೆ ಆಗಿ, ರಸ್ತೆಯ ಪ್ರತಿ ಗುಂಡಿಯ ಪೆಟ್ಟೂ ಭುಜದವರೆಗೆ ಬರುತ್ತಿದ್ದರೂ ಹಾಗೇ ಅಂದುಕೊಳ್ಳಿ.

ಕಿರುಬೆರಳು ಮತ್ತು ಉಂಗುರದ ಬೆರಳು ಜುಮ್ಮೆನ್ನುತ್ತಿದ್ದರೆ ಅಂಗೈಯ ಹೊರ ಅಂಚಿನ ನರದ ಮೇಲೆ ಒತ್ತಡ ಬೀಳುತ್ತಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದರೆ ಅದು ಬೇರೆ ನರ. ಸಾಮಾನ್ಯವಾಗಿ ಮಣಿಕಟ್ಟು ಹಿಂದಕ್ಕೆ ಬಾಗಿರುತ್ತದೆ. ಮೊದಲನೆಯದಕ್ಕೆ ಎತ್ತರ ನೋಡಿ. ಎರಡನೆಯದಕ್ಕೆ ಎತ್ತರಕ್ಕಿಂತ ಮೊದಲು ಬ್ರೇಕ್ ಲಿವರಿನ ಓರೆ ನೋಡಿ.

ಇದರ ಉಲ್ಟಾ ಇದೆ. ಬೆನ್ನು ಗೂನಾಗಿ, ಎಲ್ಲ ಭಾರವೂ ಸೀಟಿನ ಮೇಲೆ ಬಿದ್ದು, ತಿರುವಿನಲ್ಲಿ ಮೊಣಕಾಲು ಹ್ಯಾಂಡಲ್‌ಗೆ ತಾಗುತ್ತಿದ್ದರೆ ಹ್ಯಾಂಡಲ್ ತೀರ ಹತ್ತಿರ ಇದೆ. ಇಂಥವರು ಇನ್ನಷ್ಟು ಎತ್ತರಿಸಿದರೆ ಸೊಂಟದ ನೋವು ಜಾಸ್ತಿಯೇ ಆಗುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸೈಕಲನ್ನು ಗೋಡೆಗೆ ಒರಗಿಸಿ, ಯಾವಾಗಲೂ ಕೂರುವ ಹಾಗೆ ಕೂತು, ಕೈಗಳನ್ನು ಗ್ರಿಪ್ ಮೇಲಿಡಿ. ಈಗ ಹಾರ್ಮೋನಿಯಂ ನುಡಿಸುವ ಹಾಗೆ ಬೆರಳಾಡಿಸಿ. ಸಲೀಸಾಗಿ ಆಡಿದರೆ ಭಾರ ಸರಿಯಾಗಿ ಹಂಚಿದೆ. ಬೆರಳು ಎತ್ತಿದ ಕೂಡಲೇ ಮೈ ಮುಂದಕ್ಕೆ ಬೀಳುವ ಹಾಗಾದರೆ ನಿಮ್ಮನ್ನು ಹಿಡಿದು ನಿಲ್ಲಿಸಿರುವುದು ಕೈಗಳೇ ಅಂತ ತಿಳಿಯಿರಿ.

## ಬೇಕಾದ ಸಾಮಾನು

4, 5 ಮತ್ತು 6 ಮಿ.ಮೀ. ಅಲೆನ್ ಕೀ ಸಾಕು. ಕೆಲವು ಸೈಕಲ್‌ಗಳಲ್ಲಿ ನಕ್ಷತ್ರದಾಕಾರದ ತೂತಿನ ಬೋಲ್ಟ್ ಇರುತ್ತದೆ. ಅದಕ್ಕೆ ಟಿ25 ಅಳತೆಯ ಕೀ ಬೇಕು. ಹಳೇ ಬಗೆಯ ಹ್ಯಾಂಡಲ್ ಆದರೆ 13 ಮಿ.ಮೀ. ಸ್ಪ್ಯಾನರ್, ಒಂದು ಮರದ ತುಂಡು, ಸುತ್ತಿಗೆ. ಇದರ ಜೊತೆ ಅಳತೆ ಟೇಪು, ಸ್ವಲ್ಪ ಗ್ರೀಸ್, ಹಳೇ ಬಟ್ಟೆ, ಗುರುತು ಮಾಡಲು ಬಣ್ಣದ ಅಂಟುಪಟ್ಟಿ.

ತುದಿ ಸವೆದ ಅಲೆನ್ ಕೀ ಮಾತ್ರ ಬೇಡ. ಅದು ಬೋಲ್ಟ್ ತಲೆಯ ಒಳಗಿನ ಆರು ಮೂಲೆಗಳನ್ನು ತಿಂದುಹಾಕುತ್ತದೆ. ಆಮೇಲೆ ಆ ಬೋಲ್ಟ್ ತೆಗೆಯುವುದೇ ದೊಡ್ಡ ಕೆಲಸ. ಕೀ ಹಾಕುವ ಮುಂಚೆ ಬೋಲ್ಟ್ ತಲೆಯೊಳಗಿನ ಮಣ್ಣನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಕೀ ಪೂರ್ತಿ ಆಳಕ್ಕೆ ಕೂತಿದೆಯಾ ನೋಡಿ, ಆಮೇಲೆ ಬಲ ಹಾಕಿ.

ಬೋಲ್ಟ್ ಎಷ್ಟು ಬಿಗಿಯಾಗಿದೆ ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ತುಂಬಾ ಒಳ್ಳೆಯದು. ಕಾರ್ಬನ್ ಭಾಗಗಳಿರುವ ಸೈಕಲ್‌ಗೆ ಅದು ಇರಲೇಬೇಕು. ಲೋಹದ ಸೈಕಲ್‌ಗೆ ಅದಿಲ್ಲದೆಯೂ ಒಂದು ಅಂದಾಜು ಸಿಗುತ್ತದೆ. ಹ್ಯಾಂಡಲನ್ನು ಸೈಕಲಿಗೆ ಜೋಡಿಸುವ ಭಾಗಕ್ಕೆ ಸ್ಟೆಮ್ ಅನ್ನುತ್ತಾರೆ. ಅದರ ಮೇಲೆ ಎಷ್ಟು ಬಿಗಿ ಮಾಡಬೇಕು ಅಂತ, ಸಾಮಾನ್ಯವಾಗಿ 5 ಅಥವಾ 6 ನ್ಯೂಟನ್ ಮೀಟರ್ ಅಂತ ಬರೆದಿರುತ್ತಾರೆ. 10 ಸೆಂ.ಮೀ. ಉದ್ದದ ಕೀ ತುದಿಯನ್ನು ಸುಮಾರು 5 ಕೆ.ಜಿ. ಭಾರದಷ್ಟು ಬಲದಲ್ಲಿ ಎಳೆದರೆ 5 ನ್ಯೂಟನ್ ಮೀಟರ್ ಆಗುತ್ತದೆ. 5 ಕೆ.ಜಿ. ಅಕ್ಕಿ ಚೀಲವನ್ನು ಒಂದು ಕೈಯಲ್ಲಿ ಎತ್ತಿ ನೋಡಿ. ಅಷ್ಟೇ ಬಲ. ಎಷ್ಟು ಕಡಿಮೆ ಅಲ್ವಾ? ಹೆಚ್ಚಿನವರು ಇದರ ಎರಡರಷ್ಟು ಹಾಕುತ್ತಾರೆ.

## ಹಂತ 1: ಈಗಿನ ಅಳತೆ ಬರೆದಿಡಿ

ಒಂದು ಬೋಲ್ಟನ್ನೂ ಮುಟ್ಟುವ ಮುಂಚೆ ಮೂರು ಅಳತೆ ತೆಗೆಯಿರಿ. ನೆಲದಿಂದ ಹ್ಯಾಂಡಲ್ ನಡುವಿನವರೆಗೆ. ನೆಲದಿಂದ ಸೀಟಿನ ಮೇಲ್ಭಾಗದವರೆಗೆ. ಸೀಟಿನ ಮೂತಿಯಿಂದ ಹ್ಯಾಂಡಲ್ ನಡುವಿನವರೆಗೆ. ಬದಿಯಿಂದ ಒಂದು ಫೋಟೋ, ಸ್ಟೆಮ್ ಹತ್ತಿರದಿಂದ ಇನ್ನೊಂದು. ಬ್ರೇಕ್ ಲಿವರ್ ಕೂತಿರುವ ಜಾಗಕ್ಕೆ ಅಂಟುಪಟ್ಟಿ ಸುತ್ತಿ.

ಹೊಸ ಜಾಗ ಮೊದಲ ದಿನ ಹಿತವಾಗಿದ್ದು, ನಾಲ್ಕನೇ ದಿನ ಬೇರೆ ನೋವು ಕೊಡಬಹುದು. ಆಗ ಹಳೇ ಜಾಗಕ್ಕೆ ಮರಳಲು ಈ ಮೂರು ಸಂಖ್ಯೆಗಳೇ ದಾರಿ. ನೆನಪನ್ನು ನಂಬಬೇಡಿ. 1 ಸೆಂ.ಮೀ. ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಚೆನ್ನಾಗಿ ಗೊತ್ತಾಗುತ್ತದೆ.

## ಹಂತ 2: ಮೊದಲು ಸೀಟು, ಆಮೇಲೆ ಹ್ಯಾಂಡಲ್

ಸೀಟು ಕೂರುವುದು ಕಾಲಿನ ಲೆಕ್ಕಕ್ಕೆ. ಹ್ಯಾಂಡಲ್ ಕೂರುವುದು ಸೀಟಿನ ಲೆಕ್ಕಕ್ಕೆ. ಇವತ್ತು ಹ್ಯಾಂಡಲ್ ಸರಿ ಮಾಡಿ ನಾಳೆ ಸೀಟನ್ನು 2 ಸೆಂ.ಮೀ. ಎತ್ತರಿಸಿದರೆ, ಹ್ಯಾಂಡಲ್ 2 ಸೆಂ.ಮೀ. ಇಳಿದ ಹಾಗೇ ಆಯಿತು.

ಎತ್ತರ ನೋಡಲು ಸೀಟಿನ ಮೇಲೆ ಕೂತು, ಪೆಡಲ್ ತೀರ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆ ವಾಲಬಾರದು. ಓಡಿಸುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಮೊಣಕಾಲಿನಲ್ಲಿ ಬೇಕಾದಷ್ಟು ಬಾಗು ತಾನಾಗಿ ಉಳಿಯುತ್ತದೆ.

ಈಗ ಸೀಟಿನ ಮಟ್ಟ ನೋಡಿ. ಎಷ್ಟೋ ಸಲ ಕೈ ನೋವಿನ ಕಾರಣ ಇಲ್ಲೇ ಇರುತ್ತದೆ. ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಮೈ ಸದಾ ಮುಂದಕ್ಕೆ ಜಾರುತ್ತಿರುತ್ತದೆ. ಆ ಜಾರುವಿಕೆಯನ್ನು ಕೈಗಳು ತಡೆಯುತ್ತಿರುತ್ತವೆ. ಸೀಟಿನ ಮೇಲೆ ಒಂದು ದಪ್ಪ ಪುಸ್ತಕ ಇಟ್ಟು ಬದಿಯಿಂದ ನೋಡಿ. ಪುಸ್ತಕ ನೆಲಕ್ಕೆ ಸಮನಾಗಿರಬೇಕು. ಇದನ್ನು ಸರಿ ಮಾಡಿ ಎರಡು ದಿನ ಓಡಿಸಿ ನೋಡಿ. ಜೋಮು ಅಲ್ಲಿಗೇ ನಿಂತರೆ ಹ್ಯಾಂಡಲ್ ಮುಟ್ಟುವ ಕೆಲಸವೇ ಇಲ್ಲ.

ಹ್ಯಾಂಡಲ್ ದೂರ ಅನ್ನಿಸಿತು ಅಂತ ಸೀಟನ್ನು ಮುಂದಕ್ಕೆ ತಳ್ಳಬೇಡಿ. ಮೊಣಕಾಲು ಪೆಡಲಿಗಿಂತ ತೀರ ಮುಂದೆ ಬರುತ್ತದೆ. ಕೈಯ ಮೇಲಿನ ಭಾರವೂ ಹೆಚ್ಚುತ್ತದೆ. ದೂರ ಕಡಿಮೆ ಮಾಡುವ ದಾರಿ ಸ್ಟೆಮ್‌ನಲ್ಲಿದೆ.

## ಹಂತ 3: ನಿಮ್ಮದು ಯಾವ ಬಗೆಯ ಸ್ಟೆಮ್?

ಹ್ಯಾಂಡಲನ್ನು ಸೈಕಲಿಗೆ ಜೋಡಿಸುವ ಕತ್ತಿನಂಥ ಭಾಗವೇ ಸ್ಟೆಮ್. ಅದು ಕೂರುವುದು ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನಿಂದ ಮೇಲಕ್ಕೆ ಬರುವ ಕೊಳವೆಗೆ. ಅದನ್ನು ಸ್ಟೀರರ್ ಅನ್ನುತ್ತಾರೆ. ಸ್ಟೆಮ್‌ನಲ್ಲಿ ಎರಡು ಬಗೆ ಇದೆ. ಎರಡರ ಕೆಲಸವೂ ಬೇರೆ ಬೇರೆ.

ಹಳೇ ಬಗೆಯದು ನಯವಾದ ಒಂದೇ ಕಂಬ. ಬಾಗಿ ಕೆಳಗಿಳಿದು ಕೊಳವೆಯ ಒಳಗೆ ಹೋಗುತ್ತದೆ. ನೆತ್ತಿಯಲ್ಲಿ ಒಂದು ಬೋಲ್ಟ್, ಕೆಲವೊಮ್ಮೆ ರಬ್ಬರ್ ಮುಚ್ಚಳದ ಕೆಳಗೆ. ಕಂಬ ಒಳಹೋಗುವ ಜಾಗದಲ್ಲಿ ದೊಡ್ಡ ನಟ್ ಕಾಣುತ್ತದೆ. ಇದನ್ನು ಕ್ವಿಲ್ ಸ್ಟೆಮ್ ಅನ್ನುತ್ತಾರೆ.

ಹೊಸ ಬಗೆಯದು ಕೊಳವೆಯನ್ನು ಹೊರಗಿನಿಂದ ತಬ್ಬಿ ಹಿಡಿಯುತ್ತದೆ. ಹಿಂಭಾಗದಲ್ಲಿ ಎರಡು ಬೋಲ್ಟ್, ಮೇಲೊಂದು ಚಪ್ಪಟೆ ಮುಚ್ಚಳ, ಮುಚ್ಚಳದ ನಡುವೆ ಒಂದು ಬೋಲ್ಟ್. ಸ್ಟೆಮ್‌ನ ಕೆಳಗೋ ಮೇಲೋ ಬಳೆಗಳ ಹಾಗೆ ಉಂಗುರಗಳಿರುತ್ತವೆ. ಅವೇ ಸ್ಪೇಸರ್. ಗೇರ್ ಇರುವ ಇತ್ತೀಚಿನ ಸೈಕಲ್‌ಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ.

## ಹಂತ 4: ಹಳೇ ಬಗೆಯದಾದರೆ

1. ನೆತ್ತಿಯ ಬೋಲ್ಟನ್ನು ನಾಲ್ಕೈದು ಸುತ್ತು ಸಡಿಲಿಸಿ. ಪೂರ್ತಿ ತೆಗೆಯಬೇಡಿ. ಈಗ ಬೋಲ್ಟ್ ತಲೆ ಕೆಲವು ಮಿ.ಮೀ. ಮೇಲೆ ಎದ್ದಿರುತ್ತದೆ. ಹ್ಯಾಂಡಲ್ ಮಾತ್ರ ಇನ್ನೂ ಅಲ್ಲಾಡುವುದಿಲ್ಲ. ಗಾಬರಿ ಬೇಡ. ಕೊಳವೆಯೊಳಗೆ ಓರೆಯಾಗಿ ಕತ್ತರಿಸಿದ ಒಂದು ಲೋಹದ ತುಂಡು ಸಿಕ್ಕಿಕೊಂಡಿರುತ್ತದೆ. ಹಿಡಿದಿರುವುದು ಅದೇ.

2. ಬೋಲ್ಟ್ ತಲೆಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಡಿ. ಒಳಗೆ ಟಕ್ ಅಂತ ಸದ್ದಾಗಿ ಬೋಲ್ಟ್ ಕೆಳಗೆ ಕೂರುತ್ತದೆ. ಈಗ ಹ್ಯಾಂಡಲ್ ಬಿಡುತ್ತದೆ. ಬಿಡದಿದ್ದರೆ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಹಾಗೇ ಬಿಡಿ. ಜೋರಾಗಿ ತಿರುಚಿದರೆ ಫೋರ್ಕ್ ಸೊಟ್ಟಗಾಗಬಹುದು.

3. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು, ಹ್ಯಾಂಡಲನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ಆಡಿಸುತ್ತಾ ಮೇಲೆತ್ತಿ. ಕಂಬದ ಮೇಲೆ ಒಂದು ಗೆರೆ ಅಥವಾ ಸಣ್ಣ ಗೀಟುಗಳ ಸಾಲು ಕಂಡರೆ ಅಲ್ಲಿಗೆ ನಿಲ್ಲಿಸಿ, ಅದು ಮತ್ತೆ ಒಳಗೆ ಹೋಗುವಷ್ಟು ಕೆಳಗಿಳಿಸಿ. ಕನಿಷ್ಠ ಎಷ್ಟು ಕಂಬ ಒಳಗಿರಬೇಕು ಅಂತ ಹೇಳುವ ಗೆರೆ ಅದು. ಆ ಗೆರೆ ಹೊರಗೆ ಕಾಣಲೇಬಾರದು. ಕಂಡ ಸೈಕಲನ್ನು ಓಡಿಸಿದರೆ ಕಂಬ ಮುರಿಯಬಹುದು, ಇಲ್ಲವೇ ಸ್ಟೀರರ್ ಬಿರುಕು ಬಿಡಬಹುದು.

4. ಒಂದು ಸಲ ಕಂಬವನ್ನು ಪೂರ್ತಿ ಹೊರತೆಗೆದು, ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿ ಮತ್ತೆ ಇಳಿಸಿ. ಮುಂದಿನ ಸಲ ತುಕ್ಕಿನೊಂದಿಗೆ ಗುದ್ದಾಡುವುದು ತಪ್ಪುತ್ತದೆ.

5. ಚಕ್ರಕ್ಕೆ ನೇರ ಮಾಡಿ ಬೋಲ್ಟ್ ಬಿಗಿ ಮಾಡಿ. ಇದಕ್ಕೆ ಹೊಸ ಬಗೆಯ ಸಣ್ಣ ಬೋಲ್ಟ್‌ಗಳಿಗಿಂತ ಜಾಸ್ತಿ ಬಲ ಬೇಕು. ಆಮೇಲೆ ಮತ್ತೆ ಚಕ್ರ ಮೊಣಕಾಲಲ್ಲಿ ಹಿಡಿದು ಹ್ಯಾಂಡಲ್ ತಿರುಚಿ ನೋಡಿ. ಜಗ್ಗಬಾರದು.

ಕೊಳವೆ ಬಾಯಿಯಲ್ಲಿರುವ ದೊಡ್ಡ ನಟ್ ಮುಟ್ಟಬೇಡಿ. ಅದು ಬೇರಿಂಗ್‌ನದು, ಎತ್ತರಕ್ಕೂ ಅದಕ್ಕೂ ಸಂಬಂಧ ಇಲ್ಲ. ಇನ್ನು ಕೇಬಲ್ ಬದಲು ಕಂಬಿಯಲ್ಲಿ ಓಡುವ ರಾಡ್ ಬ್ರೇಕ್ ಇದ್ದರೆ, ಹ್ಯಾಂಡಲ್ ಏರಿದಷ್ಟೂ ಕಂಬಿಯೂ ಮೇಲಕ್ಕೆ ಎಳೆದುಕೊಳ್ಳುತ್ತದೆ. ಬ್ರೇಕ್ ರಬ್ಬರ್‌ಗಳು ರಿಮ್ಮಿಗೆ ಅಂಟಿಕೊಳ್ಳುತ್ತವೆ. ಕಂಬಿಯ ಜೋಡಣೆಯ ತಿರುಪು ಸಡಿಲಿಸಿ ಹೊಸದಾಗಿ ಹೊಂದಿಸಲೇಬೇಕು.

## ಹಂತ 5: ಹೊಸ ಬಗೆಯದಾದರೆ

ಹೆಚ್ಚು ಜನ ಸೋಲುವುದು ಇಲ್ಲಿ. ಕಾರಣ ಒಂದೇ. ಮೇಲಿನ ಮುಚ್ಚಳದ ಬೋಲ್ಟ್ ಹ್ಯಾಂಡಲನ್ನು ಹಿಡಿದಿದೆ ಅಂತ ಅಂದುಕೊಳ್ಳುತ್ತಾರೆ. ಅದು ಹಿಡಿದಿಲ್ಲ. ಅದರ ಕೆಲಸ ಸ್ಟೆಮ್ಮನ್ನೂ ಸ್ಪೇಸರ್‌ಗಳನ್ನೂ ಕೆಳಕ್ಕೆ ಒತ್ತಿ ಬೇರಿಂಗ್‌ನ ಸಡಿಲ ತೆಗೆಯುವುದು, ಅಷ್ಟೇ. ಹ್ಯಾಂಡಲನ್ನು ಹಿಡಿದಿಡುವುದು ಹಿಂಭಾಗದ ಎರಡು ಬೋಲ್ಟ್. ಆ ಎರಡು ಬಿಗಿಯಾಗಿರುವಾಗ ಮುಚ್ಚಳದ ಬೋಲ್ಟನ್ನು ಎಷ್ಟು ತಿರುಗಿಸಿದರೂ ಬೇರಿಂಗ್‌ಗೆ ಏನೂ ಆಗುವುದಿಲ್ಲ. ಸ್ಟೀರರ್ ಒಳಗೆ ಆ ಬೋಲ್ಟ್ ಕಚ್ಚಿಕೊಳ್ಳುವ ಸ್ಟಾರ್ ನಟ್ ಕಿತ್ತು ಬರುತ್ತದೆ.

ಎತ್ತರಿಸಲು ಜಾಗ ಇದೆಯಾ ಅಂತ ಮೊದಲು ನೋಡಿ. ಸ್ಟೆಮ್‌ನ ಮೇಲೆ ಸ್ಪೇಸರ್ ಇದ್ದರೆ ಮಾತ್ರ ಅವನ್ನು ಕೆಳಗೆ ಹಾಕಿ ಸ್ಟೆಮ್ ಏರಿಸಬಹುದು. ಮೇಲೆ ಒಂದೂ ಇಲ್ಲದಿದ್ದರೆ ಸ್ಟೀರರ್ ಅಲ್ಲಿಗೇ ಮುಗಿದಿದೆ. ಹೊಸ ಸ್ಪೇಸರ್ ತಂದು ಕೆಳಗೆ ತುರುಕಬೇಡಿ. ಹಾಗೆ ಮಾಡಿದರೆ ಸ್ಟೆಮ್ ಕೊಳವೆಯ ತುದಿಯನ್ನು ಅರ್ಧ ಮಾತ್ರ ಹಿಡಿದಿರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಒಂದು ದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಹ್ಯಾಂಡಲ್ ಕಿತ್ತು ಕೈಗೆ ಬರುತ್ತದೆ. ಈ ಬರಹದಲ್ಲಿ ಒಂದೇ ಒಂದು ಎಚ್ಚರಿಕೆ ನೆನಪಿಡುವುದಾದರೆ ಇದನ್ನು ನೆನಪಿಡಿ.

ಜಾಗ ಇದೆ ಅಂದರೆ ಹೀಗೆ ಮಾಡಿ.

1. ಸೈಕಲ್ ನೆಲದ ಮೇಲೇ ಇರಲಿ, ತೂಗುಹಾಕಬೇಡಿ. ಸ್ಟೆಮ್ ತೆಗೆದರೆ ಫೋರ್ಕನ್ನು ಮೇಲೆ ಹಿಡಿದಿಡುವುದು ಏನೂ ಉಳಿಯುವುದಿಲ್ಲ. ಎತ್ತಿದರೆ ಕೆಳಗೆ ಜಾರಿ ಬೇರಿಂಗ್ ಹೊರಬರುತ್ತದೆ.

2. ಮುಚ್ಚಳದ ಬೋಲ್ಟ್ ಬಿಚ್ಚಿ, ಮುಚ್ಚಳ ತೆಗೆದಿಡಿ. ಆಮೇಲೆ ಹಿಂಭಾಗದ ಎರಡು ಬೋಲ್ಟ್ ಸಡಿಲಿಸಿ.

3. ಸ್ಟೆಮ್ ಮೇಲೆತ್ತಿ ತೆಗೆಯಿರಿ. ಹ್ಯಾಂಡಲ್ ಕೇಬಲ್‌ಗಳ ಮೇಲೆ ಜೋತು ಬೀಳಲು ಬಿಡಬೇಡಿ. ಹಳೇ ಬಟ್ಟೆಯಿಂದ ಫ್ರೇಮಿಗೆ ಸಡಿಲವಾಗಿ ಕಟ್ಟಿ.

4. ಮೇಲಿದ್ದ ಸ್ಪೇಸರ್ ಒಂದನ್ನು ಕೆಳಗೆ ಹಾಕಿ. ತೀರ ಕೆಳಗೆ ಬೇರಿಂಗ್ ಮೇಲೆ ಕೂತಿರುವ ಓರೆ ಅಂಚಿನ ಮುಚ್ಚಳವನ್ನು ಅಲ್ಲೇ ಬಿಡಿ, ಅದು ಸ್ಪೇಸರ್ ಅಲ್ಲ. ಒಂದು ಸಲಕ್ಕೆ 1 ಸೆಂ.ಮೀ. ಸಾಕು. ಸ್ಟೀರರ್ ಹಿಂದಕ್ಕೆ ಓರೆ ಇರುವುದರಿಂದ 1 ಸೆಂ.ಮೀ. ಏರಿಸಿದಾಗ ಹ್ಯಾಂಡಲ್ ಸುಮಾರು 3 ಮಿ.ಮೀ. ಹತ್ತಿರವೂ ಬರುತ್ತದೆ.

5. ಸ್ಟೆಮ್ ಹಾಕಿ, ಉಳಿದ ಸ್ಪೇಸರ್‌ಗಳನ್ನು ಅದರ ಮೇಲೆ ಹಾಕಿ. ಒಂದೂ ಮಿಗಬಾರದು. ಈಗ ಮೇಲಿನಿಂದ ಇಣುಕಿ ನೋಡಿ. ಸ್ಟೀರರ್ ತುದಿ ಕೊನೆಯ ಸ್ಪೇಸರಿನ ಅಂಚಿಗಿಂತ 2ರಿಂದ 3 ಮಿ.ಮೀ. ಒಳಗಿರಬೇಕು. ಸಮನಾಗಿದ್ದರೆ ಮುಚ್ಚಳ ಕೊಳವೆಗೇ ತಾಗಿ ನಿಲ್ಲುತ್ತದೆ. ಬೇರಿಂಗ್‌ಗೆ ಒತ್ತಡ ಸಿಗುವುದಿಲ್ಲ. ಏನು ಮಾಡಿದರೂ ಕಟಕಟ ಹೋಗದಿರುವುದಕ್ಕೆ ಇದು ಮುಖ್ಯ ಕಾರಣ. ಇನ್ನೊಂದು ತೆಳು ಸ್ಪೇಸರ್ ಮೇಲೆ ಹಾಕಿದರೆ ಸರಿಹೋಗುತ್ತದೆ.

6. ಹಿಂಭಾಗದ ಬೋಲ್ಟ್‌ಗಳು ಸಡಿಲವಾಗಿಯೇ ಇರಲಿ. ಮುಚ್ಚಳದ ಬೋಲ್ಟನ್ನು ಕಾಲು ಕಾಲು ಸುತ್ತು ಬಿಗಿ ಮಾಡುತ್ತಾ ಬನ್ನಿ.

7. ಪ್ರತಿ ಕಾಲು ಸುತ್ತಿಗೂ ಪರೀಕ್ಷೆ ಮಾಡಿ. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಿರಿ. ಇನ್ನೊಂದು ಕೈಯ ತೋರುಬೆರಳನ್ನು ಫ್ರೇಮ್ ಮತ್ತು ಬೇರಿಂಗ್ ಮುಚ್ಚಳ ಸೇರುವ ಸಂದಿಯ ಮೇಲಿಡಿ. ಸೈಕಲನ್ನು ಹಿಂದೆ ಮುಂದೆ ಆಡಿಸಿ. ಸಡಿಲ ಇದ್ದರೆ ಕಿವಿಗೆ ಕೇಳುವ ಮುಂಚೆಯೇ ಬೆರಳಿಗೆ ಗೊತ್ತಾಗುತ್ತದೆ. ಸಂದಿ ಕೂದಲೆಳೆಯಷ್ಟು ತೆರೆದು ಮುಚ್ಚಿದ ಹಾಗೆ, ಉಗುರಿನ ಕೆಳಗೆ ಸಣ್ಣ ಟಿಕ್ ಅನ್ನುವ ಹಾಗೆ. ಅದು ನಿಂತ ಜಾಗದಲ್ಲೇ ನೀವೂ ನಿಲ್ಲಿಸಿ.

8. ಈಗ ಮುಂದಿನ ಚಕ್ರವನ್ನು ನೆಲದಿಂದ ಒಂದಿಷ್ಟು ಎತ್ತಿ. ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಒಂದು ಕಡೆ ತಿರುಗಬೇಕು. ನಡುವೆ ಅಂಟಿಕೊಂಡು ನಿಂತರೆ ಬಿಗಿ ಜಾಸ್ತಿಯಾಗಿದೆ. ಕಾಲು ಸುತ್ತು ಸಡಿಲಿಸಿ.

9. ಚಕ್ರದ ಎರಡೂ ಬದಿಗೆ ಕಾಲಿಟ್ಟು ನಿಂತು, ಮೇಲಿನಿಂದ ಒಂದೇ ಕಣ್ಣಲ್ಲಿ ನೋಡಿ. ಸ್ಟೆಮ್ ಟೈರಿನ ನಡುಗೆರೆಯ ಮೇಲೆ ಕೂರಬೇಕು. ಸ್ಟೆಮ್ ಗಿಡ್ಡವಿದ್ದರೆ ಹ್ಯಾಂಡಲನ್ನು ಫೋರ್ಕಿನ ಎರಡು ಭುಜಗಳಿಗೆ ಹೋಲಿಸಿ ನೋಡಿ. ಅದು ಸುಲಭ.

10. ಹಿಂಭಾಗದ ಎರಡು ಬೋಲ್ಟನ್ನು ಈಗ ಬಿಗಿ ಮಾಡಿ. ಒಂದನ್ನೇ ಪೂರ್ತಿ ಮಾಡಬೇಡಿ. ಇದಕ್ಕೆ ಕಾಲು ಸುತ್ತು, ಅದಕ್ಕೆ ಕಾಲು ಸುತ್ತು. ಸ್ಟೆಮ್ ಮೇಲೆ ಬರೆದ ಸಂಖ್ಯೆಗೆ ಬಂದಾಗ ನಿಲ್ಲಿಸಿ.

ಕಾರ್ಬನ್ ಸ್ಟೀರರ್ ಆದರೆ ಇನ್ನೂ ಎರಡು ಮಾತು. ಅದಕ್ಕೆ ಗ್ರೀಸ್ ಹಚ್ಚಬಾರದು, ಕಾರ್ಬನ್‌ಗೆಂದೇ ಇರುವ ಪೇಸ್ಟ್ ಹಚ್ಚಬೇಕು. ಸ್ಟೆಮ್‌ನ ಕೆಳಗೆ ಎಷ್ಟು ಎತ್ತರ ಸ್ಪೇಸರ್ ಹಾಕಬಹುದು ಅನ್ನುವುದಕ್ಕೆ ತಯಾರಕರು ಮಿತಿ ಹಾಕಿರುತ್ತಾರೆ. ಅದನ್ನು ಸೈಕಲ್ ಜೊತೆ ಬಂದ ಪುಸ್ತಿಕೆಯಲ್ಲಿ ನೋಡಿಯೇ ಮುಂದುವರಿಯಿರಿ.

## ಹಂತ 6: ಸ್ಪೇಸರ್ ಸಾಲದಿದ್ದರೆ ಸ್ಟೆಮ್ ಮಗುಚಿ ಹಾಕಿ

ಹೊಸ ಬಗೆಯ ಬಹುತೇಕ ಸ್ಟೆಮ್‌ಗಳು ಸ್ವಲ್ಪ ಓರೆ ಇರುತ್ತವೆ, ಸಾಮಾನ್ಯವಾಗಿ 6 ಅಥವಾ 7 ಡಿಗ್ರಿ. ಓರೆ ಕೆಳಮುಖವಾಗಿದ್ದರೆ ಮಗುಚಿ ಹಾಕಿ ಮೇಲ್ಮುಖ ಮಾಡಬಹುದು. ಒಂದು ಪೈಸೆ ಖರ್ಚಿಲ್ಲ. 10 ಸೆಂ.ಮೀ. ಉದ್ದದ, 6 ಡಿಗ್ರಿ ಓರೆಯ ಸ್ಟೆಮ್ ಮಗುಚಿದರೆ ಹ್ಯಾಂಡಲ್ ಹತ್ತಿರಹತ್ತಿರ 2 ಸೆಂ.ಮೀ. ಮೇಲೇರುತ್ತದೆ, ಅರ್ಧ ಸೆಂ.ಮೀ.ಗಿಂತ ತುಸು ಜಾಸ್ತಿ ಹಿಂದಕ್ಕೂ ಬರುತ್ತದೆ. ಮೇಲೆ ಬರೆದ ಹೆಸರು ತಲೆಕೆಳಗಾಗಿ ಕಾಣುತ್ತದೆ ಅಂತ ಹಿಂಜರಿಯಬೇಡಿ. ನನ್ನ ಪ್ರಕಾರ ಹೊಸ ಸ್ಟೆಮ್ ಕೊಳ್ಳುವ ಮುಂಚೆ ಎಲ್ಲರೂ ಪ್ರಯತ್ನಿಸಬೇಕಾದ ದಾರಿ ಇದು.

ಮಗುಚಲು ಹ್ಯಾಂಡಲನ್ನು ಸ್ಟೆಮ್‌ನಿಂದ ಬಿಡಿಸಬೇಕು. ಮುಂದೆ ಎರಡು ಅಥವಾ ನಾಲ್ಕು ಬೋಲ್ಟಿರುವ ಒಂದು ಮುಖಪಟ್ಟಿ ಇರುತ್ತದೆ. ಬಿಚ್ಚುವುದು ಸುಲಭ. ಹಾಕುವಾಗ ಮಾತ್ರ ನಿಧಾನ. ನಾಲ್ಕು ಬೋಲ್ಟನ್ನೂ ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ಕರ್ಣದ ಲೆಕ್ಕದಲ್ಲಿ ಬಿಗಿ ಮಾಡಿ. ಮೇಲಿನ ಎಡ, ಕೆಳಗಿನ ಬಲ, ಮೇಲಿನ ಬಲ, ಕೆಳಗಿನ ಎಡ. ಪಟ್ಟಿಗೂ ಸ್ಟೆಮ್‌ಗೂ ನಡುವಿನ ಸಂದಿ ಮೇಲೆ ಕೆಳಗೆ ಸಮ ಇರಬೇಕು. ಕೆಲವು ಸ್ಟೆಮ್‌ಗಳಲ್ಲಿ ಮಾತ್ರ ಮೇಲಿನ ಸಂದಿ ಪೂರ್ತಿ ಮುಚ್ಚಬೇಕು ಅಂತ ಅಲ್ಲೇ ಬರೆದಿರುತ್ತದೆ. ಹಾಗಿದ್ದರೆ ಅದನ್ನೇ ಪಾಲಿಸಿ.

ನಾನು ಒಮ್ಮೆ ಅವಸರದಲ್ಲಿ ಮೇಲಿನ ಎರಡು ಬೋಲ್ಟನ್ನು ಪೂರ್ತಿ ಬಿಗಿ ಮಾಡಿ, ಆಮೇಲೆ ಕೆಳಗಿನ ಎರಡನ್ನು ಎಳೆದು ಕೂರಿಸಿದ್ದೆ. ಕೆಲವು ವಾರ ಕಳೆದ ಮೇಲೆ ಸೈಕಲ್ ಒರೆಸುವಾಗ ಕೆಳಗಿನ ಬೋಲ್ಟಿನ ಪಕ್ಕ ಒಂದು ಕಪ್ಪು ಗೆರೆ ಕಂಡಿತು. ಕೊಳೆ ಅಂದುಕೊಂಡು ಮತ್ತೆ ಒರೆಸಿದೆ, ಹೋಗಲಿಲ್ಲ. ಉಗುರು ಆಡಿಸಿದರೆ ಉಗುರು ಸಿಕ್ಕಿಕೊಂಡಿತು. ಬಿರುಕಿನೊಳಗೆ ಧೂಳು ಕೂತು ಗೆರೆಯಾಗಿತ್ತು. ಅವತ್ತೇ ಆ ಸ್ಟೆಮ್ ತೆಗೆದಿಟ್ಟೆ. ಈಗಲೂ ಮುಖಪಟ್ಟಿ ಬಿಗಿ ಮಾಡುವಾಗ ಸಂದಿಯನ್ನು ಎರಡೆರಡು ಸಲ ನೋಡುತ್ತೇನೆ.

ಇಷ್ಟಾದರೂ ಸಾಲದಿದ್ದರೆ ಗಿಡ್ಡ ಸ್ಟೆಮ್, ಹೆಚ್ಚು ಓರೆಯ ಸ್ಟೆಮ್ ಅಥವಾ ಎರಡೂ ತುದಿ ಮೇಲೆದ್ದ ಹ್ಯಾಂಡಲ್ ತರಬೇಕು. ಕೊಳ್ಳುವ ಮುಂಚೆ ಎರಡು ಅಳತೆ ತಿಳಿದಿರಲಿ. ಒಂದು ಸ್ಟೀರರ್ ದಪ್ಪ, ಹೆಚ್ಚಾಗಿ 28.6 ಮಿ.ಮೀ. ಇನ್ನೊಂದು ಹ್ಯಾಂಡಲ್ ನಡುಭಾಗದ ದಪ್ಪ. ಅದು 25.4, 31.8 ಅಥವಾ 35 ಮಿ.ಮೀ. ಇರಬಹುದು. ದೂರವನ್ನು ಒಂದು ಸಲಕ್ಕೆ 1ರಿಂದ 2 ಸೆಂ.ಮೀ. ಮಾತ್ರ ಬದಲಿಸಿ. ಸ್ಟೆಮ್ ಗಿಡ್ಡವಾದಷ್ಟೂ ಹ್ಯಾಂಡಲ್ ಚುರುಕಾಗುತ್ತದೆ, ಮೊದಲ ದಿನ ಚಂಚಲ ಅನ್ನಿಸಬಹುದು.

## ಹಂತ 7: ಹ್ಯಾಂಡಲಿನ ಓರೆ, ಬ್ರೇಕ್ ಲಿವರ್

ಎತ್ತರ, ದೂರ ಎರಡೂ ಸರಿಯಾದ ಮೇಲೂ ಮಣಿಕಟ್ಟು ನೋಯಬಹುದು. ಮುಖಪಟ್ಟಿ ಸ್ವಲ್ಪ ಸಡಿಲಿಸಿ ಹ್ಯಾಂಡಲನ್ನು ಕೆಲವೇ ಡಿಗ್ರಿ ಮುಂದೆ ಹಿಂದೆ ಉರುಳಿಸಿ ನೋಡಿ. ಗ್ರಿಪ್ ಅಂಗೈಯ ಅಗಲಕ್ಕೂ ಸಮನಾಗಿ ತಾಗಬೇಕು. ಒಂದೇ ಅಂಚು ಒತ್ತಬಾರದು.

ಬ್ರೇಕ್ ಲಿವರ್ ನೆಲಕ್ಕೆ ಸಮನಾಗಿ ನೆಟ್ಟಗಿದ್ದರೆ, ಪ್ರತಿ ಸಲ ಬೆರಳು ಚಾಚುವಾಗ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಸೀಟಿನ ಮೇಲೆ ಕೂತು, ಕಣ್ಣು ಮುಚ್ಚಿ, ಬೆರಳುಗಳನ್ನು ಸುಮ್ನೆ ಮುಂದಕ್ಕೆ ಚಾಚಿ. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರಬೇಕು. ಬೆರಳು ಎಲ್ಲಿ ಬೀಳುತ್ತದೋ ಲಿವರ್ ಅಲ್ಲಿಗೆ ಬರಲಿ. ಸಾಮಾನ್ಯವಾಗಿ ಅದು 30ರಿಂದ 45 ಡಿಗ್ರಿ ಕೆಳಮುಖವಾಗಿರುತ್ತದೆ. ಲಿವರ್ ಪಟ್ಟಿಯನ್ನು ತೀರ ಬಿಗಿ ಮಾಡಬೇಡಿ. ಬಿದ್ದಾಗ ಲಿವರ್ ತಿರುಗಬೇಕು, ಮುರಿಯಬಾರದು. ಓಡಿಸುವಾಗ ಕೈಯಲ್ಲಿ ಜಾರದಷ್ಟು ಬಿಗಿ ಇದ್ದರೆ ಆಯಿತು.

ಕೈ ಚಿಕ್ಕದಿದ್ದವರು ಲಿವರಿನ ಬುಡದಲ್ಲಿ ಒಂದು ಸಣ್ಣ ತಿರುಪು ಇದೆಯಾ ನೋಡಿ. ಅದನ್ನು ಒಳಕ್ಕೆ ತಿರುಗಿಸಿದರೆ ಲಿವರ್ ಹತ್ತಿರ ಬರುತ್ತದೆ.

ಬಾಗಿದ ಕೊಂಬಿನಂಥ ರೇಸಿಂಗ್ ಹ್ಯಾಂಡಲ್‌ನಲ್ಲಿ ಲಿವರ್ ಸರಿಸಲು ಸುತ್ತಿದ ಟೇಪು ಬಿಚ್ಚಬೇಕಾಗುತ್ತದೆ. ಹಾಗಾಗಿ ಮೊದಲು ಹ್ಯಾಂಡಲನ್ನೇ ಉರುಳಿಸಿ, ಕೈ ಊರುವ ಜಾಗ ಮಟ್ಟಸವಾಗುತ್ತದಾ ನೋಡಿ.

## ಹಂತ 8: ರಸ್ತೆಗೆ ಇಳಿಯುವ ಮುಂಚೆ

ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಯಾವ ಕೇಬಲ್ಲೂ ಬಿಗಿಯಾಗಿ ಎಳೆದುಕೊಳ್ಳಬಾರದು. ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸುತ್ತಾ ಹ್ಯಾಂಡಲ್ ತಿರುಗಿಸಿ. ಗೇರ್ ತಾನಾಗಿ ಬದಲಾದರೆ ಅಥವಾ ಬ್ರೇಕ್ ಚಕ್ರವನ್ನು ಹಿಡಿದರೆ ಕೇಬಲ್ ಸಾಲದು ಅಂತ ಅರ್ಥ. 2–3 ಸೆಂ.ಮೀ. ಏರಿಸಿದರೂ ಕೆಲವು ಸೈಕಲ್‌ಗಳಲ್ಲಿ ಹೀಗಾಗುತ್ತದೆ. ಉದ್ದ ಕೇಬಲ್ ಹಾಕಿಸದೆ ಓಡಿಸಬೇಡಿ.

ಮುಂದಿನ ಚಕ್ರವನ್ನು ಮೊಣಕಾಲಲ್ಲಿ ಹಿಡಿದು ಹ್ಯಾಂಡಲ್ ತಿರುಚಿ. ಆಮೇಲೆ ಗ್ರಿಪ್ ಎರಡರ ಮೇಲೂ ಮೈಭಾರ ಹಾಕಿ ಕೆಳಕ್ಕೆ ಒತ್ತಿ. ಹ್ಯಾಂಡಲ್ ಉರುಳಬಾರದು. ಎರಡೂ ಬ್ರೇಕ್ ಹಿಡಿದು ನೋಡಿ.

## ಹಂತ 9: ಓಡಿಸಿ, ಕಾಯಿರಿ, ಮತ್ತೆ ನೋಡಿ

ಅಲೆನ್ ಕೀಗಳನ್ನು ಜೇಬಿನಲ್ಲಿಟ್ಟುಕೊಂಡು ದಿನಾ ಹೋಗುವ ದಾರಿಯಲ್ಲೇ 20ರಿಂದ 30 ನಿಮಿಷ ಹೋಗಿ. ಹೊಸ ದಾರಿ ಬೇಡ. ದಾರಿ ಬದಲಾದರೆ ನೋವು ಬದಲಾದದ್ದು ಯಾವುದರಿಂದ ಅಂತ ತಿಳಿಯುವುದಿಲ್ಲ. ಮೊಣಕೈ ಸ್ವಲ್ಪ ಬಾಗಿದೆಯಾ, ಕತ್ತು ಎತ್ತದೆಯೇ ಮುಂದಿನ ರಸ್ತೆ ಕಾಣುತ್ತಾ, ಭುಜ ಕಿವಿ ಕಡೆ ಏರಿದೆಯಾ ಅಂತ ನೋಡಿಕೊಳ್ಳಿ.

ಆರಾಮಾಗಿ ಓಡಿಸುವವರಿಗೆ ಹ್ಯಾಂಡಲ್ ಸೀಟಿನ ಮಟ್ಟಕ್ಕೆ ಅಥವಾ ಅದಕ್ಕಿಂತ 2–3 ಸೆಂ.ಮೀ. ಮೇಲಿರುವುದು ಒಳ್ಳೆಯ ಆರಂಭ. ಅಲ್ಲಿಂದ ನಿಮ್ಮ ಮೈ ಹೇಳಿದ ಕಡೆಗೆ ಹೋಗಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಎತ್ತರ, ದೂರ, ಲಿವರ್ ಮೂರನ್ನೂ ಒಂದೇ ದಿನ ಬದಲಿಸಿದವರಿಗೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಅಂತ ಗೊತ್ತಾಗುವುದೇ ಇಲ್ಲ. ಪ್ರತಿ ಬದಲಾವಣೆಗೂ ಎರಡು ಮೂರು ಸವಾರಿ ಕೊಡಿ. ಮೊದಲ ಸವಾರಿ ಮುಗಿದ ಮೇಲೆ ಎಲ್ಲ ಬೋಲ್ಟನ್ನೂ ಒಮ್ಮೆ ಮುಟ್ಟಿ ನೋಡಿ. ಹೊಸದಾಗಿ ಕೂರಿಸಿದವು ಸ್ವಲ್ಪ ಸಡಿಲಾಗುವುದುಂಟು.

## ಇವು ಕಂಡರೆ ಓಡಿಸುವುದು ನಿಲ್ಲಿಸಿ

ಬ್ರೇಕ್ ಹಿಡಿದಾಗ ಕಟಕಟ ಬಂದರೆ 5ನೇ ಹಂತಕ್ಕೆ ಮರಳಿ. ಹಿಂಭಾಗದ ಎರಡು ಬೋಲ್ಟ್ ಸಡಿಲಿಸಿ, ಮುಚ್ಚಳದ ಬೋಲ್ಟ್ ಸರಿ ಮಾಡಿ, ಮತ್ತೆ ಆ ಎರಡನ್ನು ಬಿಗಿ ಮಾಡಿ. ಈ ಕ್ರಮ ತಪ್ಪಿದರೆ ಸದ್ದು ಹೋಗುವುದಿಲ್ಲ.

ಹ್ಯಾಂಡಲ್ ತಿರುಗಿಸುವಾಗ ನಡುವೆ ಗಟ್ಟಿಯಾಗಿ ಕಚ್ಚಿದ ಹಾಗಾಗಿ, ಮುಚ್ಚಳ ಸಡಿಲಿಸಿದರೂ ಹಾಗೇ ಇದ್ದರೆ ಬೇರಿಂಗ್ ಸವೆದಿದೆ. ಅದನ್ನು ಬದಲಿಸಬೇಕು. ಬೋಲ್ಟ್ ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುತ್ತುತ್ತಲೇ ಇದ್ದರೆ ಬೋಲ್ಟ್ ಕಚ್ಚಿಕೊಳ್ಳುವ ತಿರುಪಿನ ಗೆರೆಗಳು ಸವೆದುಹೋಗಿವೆ. ಅಂಥ ಸ್ಟೆಮ್ಮನ್ನು ಹಾಗೇ ಬಳಸಬೇಡಿ. ಸ್ಟೆಮ್, ಹ್ಯಾಂಡಲ್, ಸ್ಟೀರರ್ ಯಾವುದರ ಮೇಲಾದರೂ ಉಗುರಿಗೆ ಸಿಗುವ ಗೆರೆ ಕಂಡರೆ ಅಲ್ಲಿಗೆ ಮುಗಿಯಿತು, ಆ ಭಾಗ ಬದಲಿಸಿ.

ಕೇಬಲ್‌ಗಳು ಸ್ಟೆಮ್‌ನ ಒಳಗಿಂದಲೇ ಹಾದುಹೋಗುವ ಸೈಕಲ್ ಆದರೆ ಮನೆಯಲ್ಲಿ ಬಿಚ್ಚಬೇಡಿ. ಅದರಲ್ಲಿ ಸ್ಪೇಸರ್ ಒಂದನ್ನು ಸರಿಸಲೂ ಕೆಲವೊಮ್ಮೆ ಬ್ರೇಕ್ ಕೊಳವೆಯನ್ನೇ ಬಿಡಿಸಬೇಕಾಗುತ್ತದೆ. ಕೆಲಸ ತಿಳಿದ ಮೆಕ್ಯಾನಿಕ್ ಕೈಗೆ ಕೊಡಿ, ಕೊಡುವಾಗ ಹಂತ 1ರ ಅಳತೆ ಚೀಟಿಯನ್ನೂ ಕೊಡಿ.

ಬೆರಳಿನ ಜೋಮು ಸೈಕಲ್ ಇಳಿದು ಒಂದೆರಡು ದಿನ ಕಳೆದರೂ ಹೋಗದಿದ್ದರೆ ಹ್ಯಾಂಡಲ್ ಇನ್ನೂ ಸರಿಸುತ್ತಾ ಕೂರಬೇಡಿ. ಸೈಕಲ್ ಬಿಟ್ಟು ವೈದ್ಯರನ್ನು ನೋಡಿ.